ಗಾಳಿ ತಿಂಗಳಲ್ಲಿ ಸೈಕಲ್ ಕಾಲು: ಆಫ್ ಸೀಸನ್ ಟಿಪ್ಪಣಿ

ತರಬೇತಿ ಶಾಸ್ತ್ರದ ಪುಸ್ತಕ ತೆಗೆದರೆ ಆಫ್ ಸೀಸನ್, ಅಂದ್ರೆ ರೇಸ್ ಇಲ್ಲದ ಬಿಡುವಿನ ಕಾಲ, ಚಳಿಗಾಲ ಅಂತಲೇ ಇರುತ್ತದೆ. ಹಿಮ ಬೀಳುತ್ತದೆ, ಸವಾರರು ಮನೆಯೊಳಗೆ ಸೇರಿಕೊಳ್ಳುತ್ತಾರೆ. ಅದು ಯುರೋಪಿನ ಕಥೆ. ದಾವಣಗೆರೆಯಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಸೈಕಲ್ ತುಳಿಯೋಕೆ ಹೇಳಿ ಮಾಡಿಸಿದ ಕಾಲ. ಬೆಳಿಗ್ಗೆ ತಣ್ಣಗಿರುತ್ತದೆ, ರಸ್ತೆ ಒಣಗಿರುತ್ತದೆ. ನಾವು ಸೈಕಲ್ ಮೂಲೆಗೆ ಒರಗಿಸುವುದು ಜೂನ್‌ನಲ್ಲಿ, ಗಾಳಿ ಎದ್ದಾಗ. ಹಾಗಾಗಿ ಪುಸ್ತಕದಿಂದ ತತ್ವ ತಗೊಳ್ಳಿ, ತಿಂಗಳ ಹೆಸರು ಬಿಡಿ.

ನಾನು ಬಿ.ಪಿ.ಎಡ್, ಅಂದ್ರೆ ದೈಹಿಕ ಶಿಕ್ಷಣ ಪದವಿಯ ವಿದ್ಯಾರ್ಥಿ. ನಮ್ಮ ಬ್ಯಾಚ್‌ನ ಇಬ್ಬರು 'ರಿವರ್ಸಿಬಿಲಿಟಿ' ಪಾಠ ತಲೆಗೆ ಹತ್ತಲಿಲ್ಲ ಅಂದರು. ಅವರಿಗೆ ಅಂತ ಬರೆಯೋಕೆ ಕೂತೆ, ಇಷ್ಟುದ್ದ ಆಯಿತು. ಪರೀಕ್ಷೆಗೆ ಬೇಕಾದ ಎರಡು ಅಂಕದ ಉತ್ತರ ಸುಲಭ: ತರಬೇತಿ ನಿಲ್ಲಿಸಿದರೆ ಗಳಿಸಿದ್ದು ಕಳೆದುಹೋಗುತ್ತದೆ. ಆದರೆ ಯಾವುದು ಮೊದಲು ಹೋಗುತ್ತದೆ, ಯಾವುದು ಉಳಿಯುತ್ತದೆ, ಎಷ್ಟು ಮಾಡಿದರೆ ಸಾಕು? ಸವಾರನಿಗೆ ಬೇಕಾಗಿರುವುದು ಅದು.

ಹೋದ ವರ್ಷ ಈ ಪ್ರಯೋಗ ನನ್ನ ಮೇಲೇ ಆಯಿತು. ಬೇಕಂತ ಮಾಡಿದ್ದಲ್ಲ, ಸೋಮಾರಿತನ. ಜೂನ್‌ನಲ್ಲಿ ಸೈಕಲ್ ಅಟ್ಟಕ್ಕೆ ಹಾಕಿದವನು ಇಳಿಸಿದ್ದು ಸೆಪ್ಟೆಂಬರ್‌ನಲ್ಲಿ. ಚೈನ್ ತುಕ್ಕು ಹಿಡಿದಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು ಕೊಂಡಜ್ಜಿ ದಾರಿ ಹಿಡಿದೆ. ಮೇ ತಿಂಗಳಲ್ಲಿ ಆ ದಾರಿಯಲ್ಲಿ ಗಂಟೆಗೆ 26 ಕಿ.ಮೀ. ವೇಗಕ್ಕೆ ನನ್ನ ನಾಡಿ 148ರ ಹತ್ತಿರ ಇರುತ್ತಿತ್ತು. ಅವತ್ತು ಅದೇ ವೇಗಕ್ಕೆ 167. ಕಾಲು ನೋವಿಲ್ಲ, ಸುಸ್ತೂ ಇಲ್ಲ, ಆದರೆ ಎದೆ ಮಾತ್ರ ಡಬಡಬ. ವಾಚ್ ಕೆಟ್ಟಿದೆ ಅಂದುಕೊಂಡು ಗಾಡಿ ನಿಲ್ಲಿಸಿ, ಕತ್ತಿಗೆ ಬೆರಳಿಟ್ಟು ಎಣಿಸಿದೆ. ವಾಚ್ ಸರಿಯಾಗೇ ಇತ್ತು.

ಯಾಕೆ ಹೀಗೆ? 1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಚೆನ್ನಾಗಿ ಪಳಗಿದ ಏಳು ಜನ 84 ದಿನ ತರಬೇತಿ ಪೂರ್ತಿ ನಿಲ್ಲಿಸಿದರು. ಅವರ ವಿಒ2 ಮ್ಯಾಕ್ಸ್, ಅಂದ್ರೆ ಏದುಸಿರು ಬಿಡುವಷ್ಟು ದುಡಿದಾಗ ಮೈ ಒಂದು ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಪ್ರಮಾಣ, ಮೊದಲ 21 ದಿನದಲ್ಲಿ ಶೇ. 7 ಇಳಿಯಿತು. 56 ದಿನದ ಹೊತ್ತಿಗೆ ಶೇ. 16 ಇಳಿದು ಅಲ್ಲಿಗೇ ನಿಂತಿತು. ಮೊದಲು ಕೈಕೊಟ್ಟಿದ್ದು ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತದ ಪ್ರಮಾಣ. ಅದರಲ್ಲಿ ಬಹುಪಾಲು ಇಳಿತ ಮೊದಲ 12 ದಿನದಲ್ಲೇ ಆಗಿಹೋಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ಇದು ಅರ್ಥವಾದರೆ ಉಳಿದದ್ದು ತಾನಾಗೇ ಬರುತ್ತದೆ. ದಿನಾ ಬೆವರು ಸುರಿಸುವವನ ಮೈಯಲ್ಲಿ ರಕ್ತದ ನೀರಿನ ಭಾಗ, ಅಂದ್ರೆ ಪ್ಲಾಸ್ಮಾ, ಜಾಸ್ತಿ ಇರುತ್ತದೆ. ತರಬೇತಿ ನಿಂತ ಕೆಲವೇ ದಿನದಲ್ಲಿ ಅದು ಇಳಿಯುತ್ತದೆ. ಹೃದಯಕ್ಕೆ ತುಂಬಿಕೊಳ್ಳಲು ಸಿಗುವ ರಕ್ತವೇ ಕಡಿಮೆ. ನೀರು ಇಳಿದ ಬೋರ್‌ವೆಲ್‌ ನೆನಪಿಸಿಕೊಳ್ಳಿ: ಮೋಟಾರ್ ಅದೇ, ಪೈಪ್ ಅದೇ, ಆದರೆ ಅದೇ ತೊಟ್ಟಿ ತುಂಬಿಸಲು ಜಾಸ್ತಿ ಹೊತ್ತು ಓಡಬೇಕು. ನನ್ನ ನಾಡಿ 148ರಿಂದ 167ಕ್ಕೆ ಏರಿದ್ದರಲ್ಲಿ ಇದರದ್ದೇ ದೊಡ್ಡ ಪಾಲು. ಸಮಾಧಾನದ ಸಂಗತಿ ಏನಂದ್ರೆ, ಮೊದಲು ಹೋಗುವ ಈ ಪ್ಲಾಸ್ಮಾನೇ ವಾಪಸ್ ಬರುವಾಗಲೂ ಬೇಗ ಬರುತ್ತದೆ. ಮತ್ತೆ ತುಳಿಯೋಕೆ ಶುರು ಮಾಡಿದ ಒಂದೆರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಮಾಂಸಖಂಡದೊಳಗೆ ಆಮ್ಲಜನಕ ಬಳಸುವ ಮೈಟೊಕಾಂಡ್ರಿಯಾ ನಿಧಾನಕ್ಕೆ ಕರಗುತ್ತದೆ, ನಿಧಾನಕ್ಕೇ ಬೆಳೆಯುತ್ತದೆ. ಖಂಡದೊಳಗೆ ರಕ್ತ ಹಂಚುವ ಕೂದಲೆಳೆಯಂಥ ಲೋಮನಾಳಗಳು ಮಾತ್ರ ಆ 84 ದಿನವಾದ ಮೇಲೂ ಕಡಿಮೆಯಾಗಿರಲಿಲ್ಲ. ವರ್ಷಗಟ್ಟಲೆ ತುಳಿದವನು ಬಿಟ್ಟು ಹಿಡಿದರೂ ಹೊಸಬನಿಗಿಂತ ಬೇಗ ಮೇಲೇಳುವುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಲೆಕ್ಕ.

ಸರಿ, ಪೂರ್ತಿ ಬಿಟ್ಟರೆ ಹೀಗೆ. ಪೂರ್ತಿ ಬಿಡದೆ, ಆದರೆ ಕಡಿಮೆ ಮಾಡಬೇಕು ಅಂದ್ರೆ ಯಾವುದನ್ನು ಕಡಿಮೆ ಮಾಡಬೇಕು? ದಿನಗಳನ್ನೋ, ಹೊತ್ತನ್ನೋ, ಬಿರುಸನ್ನೋ? ನಮ್ಮಲ್ಲಿ ಹೆಚ್ಚಿನವರು ಬಿರುಸನ್ನು ಬಿಡುತ್ತಾರೆ. 'ಆಫ್ ಸೀಸನ್ ಅಲ್ವಾ, ಆರಾಮಾಗಿ ತುಳಿಯೋಣ' ಅಂತ ದಿನಾ ಒಂದು ತಾಸು ಹಗುರವಾಗಿ ಸುತ್ತಿ ಬರುತ್ತಾರೆ. ನನ್ನ ಪ್ರಕಾರ ಇದು ತಲೆಕೆಳಗು.

ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು 1981ರಿಂದ 1985ರೊಳಗೆ ಪ್ರಕಟಿಸಿದ ಮೂರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಓದಿ. ಮೂರರಲ್ಲೂ ಮೊದಲ 10 ವಾರ ಒಂದೇ ಕ್ರಮ: ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ, ಒಂದು ದಿನ ಸೈಕಲ್, ಒಂದು ದಿನ ಓಟ. ಸೈಕಲ್ ದಿನ 5 ನಿಮಿಷ ಬಿರುಸು, 2 ನಿಮಿಷ ಹಗುರ, ಹೀಗೆ ಆರು ಸುತ್ತು. ಆಮೇಲೆ 15 ವಾರ ಒಂದೊಂದು ಪ್ರಯೋಗದಲ್ಲಿ ಒಂದೊಂದನ್ನು ಕತ್ತರಿಸಿದರು. ಆರು ದಿನವನ್ನು ನಾಲ್ಕಕ್ಕೆ, ಎರಡಕ್ಕೆ ಇಳಿಸಿದರು: ವಿಒ2 ಮ್ಯಾಕ್ಸ್ ಉಳಿಯಿತು. 40 ನಿಮಿಷವನ್ನು 26ಕ್ಕೆ, 13ಕ್ಕೆ ಇಳಿಸಿದರು: ಆಗಲೂ ಉಳಿಯಿತು. ದಿನ, ಹೊತ್ತು ಎರಡನ್ನೂ ಮುಟ್ಟದೆ ಬಿರುಸನ್ನು ಮಾತ್ರ ಮೂರನೇ ಒಂದು ಭಾಗ, ಮೂರನೇ ಎರಡು ಭಾಗ ತಗ್ಗಿಸಿದರು: ಇಳಿದುಹೋಯಿತು.

ಹೊತ್ತು ಕಡಿಮೆ ಮಾಡಿ, ಬಿರುಸು ಬಿಡಬೇಡಿ. ನೋಟ್ಸ್‌ನಲ್ಲಿ ಇದೊಂದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದುಕೊಳ್ಳಿ.

ಎರಡು ಎಚ್ಚರಿಕೆ ಇದೆ. ಆ ಪ್ರಯೋಗಕ್ಕೆ ಬಂದವರು ರೇಸ್ ಹುರಿಯಾಳುಗಳಲ್ಲ, 10 ವಾರ ತಯಾರಾದವರು. ಇನ್ನೊಂದು, 13 ನಿಮಿಷಕ್ಕೆ ಇಳಿಸಿದ ಗುಂಪಿನಲ್ಲಿ ವಿಒ2 ಮ್ಯಾಕ್ಸ್ ಉಳಿದರೂ ದೀರ್ಘ ಹೊತ್ತು ತಾಳುವ ಶಕ್ತಿ ತುಸು ಇಳಿದಿತ್ತು. 200 ಕಿ.ಮೀ. ಬ್ರೆವೆಯನ್ನು, ಅಂದ್ರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಯನ್ನು, ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು ಅನ್ನುವವರು ಇದನ್ನು ಮರೆಯಬಾರದು. ನಾನಂತೂ ಹದಿನೈದು ದಿನಕ್ಕೊಮ್ಮೆಯಾದರೂ ಮೂರು ತಾಸಿನ ನಿಧಾನದ ಸವಾರಿ ಉಳಿಸಿಕೊಂಡಿದ್ದೇನೆ.

ಇನ್ನು ಬಿರುಸು ಎಲ್ಲಿಂದ ತರುವುದು? ದಾವಣಗೆರೆ ಸಮತಟ್ಟು ನೆಲ, ಏರು ಹುಡುಕಿಕೊಂಡು ಹೋಗಬೇಕು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿಯೇ ನಮ್ಮ ಗುಡ್ಡ. ಚಿತ್ರದುರ್ಗದ ಬೆಟ್ಟಗಳ ಮೇಲಿನ ಗಾಳಿಯಂತ್ರಗಳು ವರ್ಷದಲ್ಲಿ ಅತಿ ಹೆಚ್ಚು ಕರೆಂಟು ಕೊಡುವ ತಿಂಗಳುಗಳೇ ನಾವು 'ಗಾಳಿ ಮಾರಾಯ' ಅಂತ ಸೈಕಲ್ ಒಳಗಿಡುವ ತಿಂಗಳುಗಳು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 20 ಕಿ.ಮೀ. ಹೋಗುವವನಿಗೆ ಎದುರಿನಿಂದ 20 ಕಿ.ಮೀ. ಗಾಳಿ ಬೀಸಿದರೆ ಮೈಗೆ ತಾಗುವ ಗಾಳಿ 40. ತಡೆ ಎರಡರಷ್ಟಲ್ಲ, ನಾಲ್ಕರಷ್ಟು. ಹರಿಹರ ನಮಗೆ ಪಡುವಣ ದಿಕ್ಕಿಗಿದೆ. ಹೋಗುವಾಗ ಎದುರುಗಾಳಿಯಲ್ಲಿ 5 ನಿಮಿಷದ ಮೂರು ಬಿರುಸು ಸುತ್ತು, ಬರುವಾಗ ಬೆನ್ನಿಗೆ ಗಾಳಿ. ಹಿಂದಿನಿಂದ ಯಾರೋ ತಳ್ಳಿದ ಹಾಗೆ ಮನೆ ಸೇರುತ್ತೀರಿ. ಸ್ಪೀಡೋಮೀಟರ್ ನೋಡಬೇಡಿ, ಹೋಗುವಾಗ ಅದು ಮರ್ಯಾದೆ ತೆಗೆಯುತ್ತದೆ. ಬಿರುಸಿಗೆ ಅಳತೆ ಉಸಿರು: ಎರಡು ಮೂರು ಪದಕ್ಕಿಂತ ಜಾಸ್ತಿ ಮಾತಾಡಲು ಆಗಬಾರದು. ಲಾರಿ ಪಕ್ಕದಲ್ಲಿ ದಾಟುವಾಗ ಗಾಳಿ ಒಂದು ಕ್ಷಣ ಕಟ್ಟಾಗಿ ಆಮೇಲೆ ಒಮ್ಮೆಲೇ ಹೊಡೆಯುತ್ತದೆ, ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿರಿ.

ಮಳೆ ನೆಪ ಹೇಳುವವರಿಗೆ ಒಂದು ಮಾತು. ನಮ್ಮದು ಮಲೆನಾಡಲ್ಲ. ಚಿತ್ರದುರ್ಗ ಕಡೆಯಂತೂ ಜೂನ್, ಜುಲೈನಲ್ಲಿ ಬರುವುದು ಹೆಚ್ಚಾಗಿ ಜಿಟಿಜಿಟಿ, ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಿಜಕ್ಕೂ ಹೊರಗೆ ಹೋಗಲಾಗದ ದಿನಕ್ಕೆ ಮನೆಯಲ್ಲಿ ಟ್ರೈನರ್, ಅಂದ್ರೆ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್, ಇದ್ದರೆ ಸರಿ. ಎದುರಿಗೆ ಫ್ಯಾನ್ ಇಡಲೇಬೇಕು, ಇಲ್ಲದಿದ್ದರೆ ಮೈ ಕಾದು ನಾಡಿ ಸುಮ್ನೆ ಏರುತ್ತದೆ. ಕರೆಂಟು ಹೋದರೆ ಅವತ್ತಿನ ಪಾಠ ಮುಗಿಯಿತು.

ಈಗ ಸೈಕಲ್ ಕೊಡದೇ ಇರುವುದರ ಬಗ್ಗೆ. ನನಗೆ ಹೆಚ್ಚು ಖುಷಿ ಕೊಟ್ಟ ಭಾಗ ಇದು. ಕಾಲು ಎಷ್ಟೇ ಗಟ್ಟಿ ಇರಲಿ, ಸೈಕಲ್ ಮೇಲೆ ನಮ್ಮ ಭಾರ ಸೀಟು ಹೊರುತ್ತದೆ. ಎಲುಬಿಗೆ ನೆಲದ ಪೆಟ್ಟು ಬೀಳುವುದಿಲ್ಲ. ಬರೀ ಸೈಕಲ್ ತುಳಿಯುವ ರೋಡ್ ರೇಸರ್‌ಗಳಲ್ಲಿ ಬೆನ್ನೆಲುಬಿನ ಸಾಂದ್ರತೆ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅದಕ್ಕೇ ಆಫ್ ಸೀಸನ್‌ನಲ್ಲಿ ಭಾರ ಎತ್ತಬೇಕು, ಮೆಟ್ಟಿಲು ಹತ್ತಬೇಕು, ಕುಂದುವಾಡ ಕೆರೆ ಏರಿಯ ಮೇಲೆ ಸ್ವಲ್ಪ ಓಡಬೇಕು.

ಭಾರಕ್ಕೆ ಜಿಮ್ಮೇ ಬೇಕೆಂದಿಲ್ಲ. ದಾವಣಗೆರೆ ಪೈಲ್ವಾನರ ಊರು, ಗರಡಿಗೆ ಬರವಿಲ್ಲ. ಈ ಜೂನ್‌ನಲ್ಲಿ ನಾನೂ ಗೆಳೆಯನ ಜೊತೆ ಒಂದು ಗರಡಿಗೆ ಹೋದೆ. ಕೆಮ್ಮಣ್ಣು, ಎಣ್ಣೆ ವಾಸನೆ, ಮೂಲೆಯಲ್ಲಿ ಹನುಮಂತನ ಪಟ. ವಸ್ತಾದರು ನನ್ನ ತೊಡೆ ನೋಡಿ ತಲೆಯಾಡಿಸಿದರು. ಮೂವತ್ತು ಬೈಠಕ್ ಹೊಡೆಯುವಷ್ಟರಲ್ಲಿ ಮಂಡಿ ನಡುಗಿತು.

'ಏನಪ್ಪಾ, ನೂರು ಕಿಲೋಮೀಟ್ರು ಸೈಕಲ್ ತುಳೀತೀನಿ ಅಂತಿ, ಕೂತು ಏಳಾಕ ಬರಂಗಿಲ್ಲಲ್ಲ ನಿನಗ' ಅಂದರು.

ಮಾತು ನಿಜ. ಪೆಡಲ್ ತುಳಿಯುವಾಗ ಮಂಡಿ ಪೂರ್ತಿ ಮಡಚುವುದಿಲ್ಲ, ಪೂರ್ತಿ ಬಿಚ್ಚುವುದೂ ಇಲ್ಲ. ಒಂದೇ ಅಳತೆಯ ಚಲನೆ, ಸಾವಿರಾರು ಸಲ. ಬೈಠಕ್ ಆ ಅಳತೆಯನ್ನು ಮುರಿಯುತ್ತದೆ, ದಂಡ ಹೊಡೆದರೆ ಹ್ಯಾಂಡಲ್ ಮೇಲೆ ಬಗ್ಗಿ ಬಗ್ಗಿ ಸೋತ ಭುಜ, ಬೆನ್ನು ಗಟ್ಟಿಯಾಗುತ್ತವೆ. ಭಾರ ಇಟ್ಟುಕೊಂಡು ಮಾಡುವ ಸ್ಕ್ವಾಟ್ ಇನ್ನೂ ಒಳ್ಳೆಯದು. 2010ರಲ್ಲಿ ನಾರ್ವೆಯ ಬೆಂಟ್ ರೊನ್ನೆಸ್ಟಾಡ್ ಮತ್ತು ಸಂಗಡಿಗರು ಸೈಕಲ್ ಸವಾರರಿಗೆ 12 ವಾರ ವಾರಕ್ಕೆರಡು ಸಲ ಭಾರದ ತರಬೇತಿ ಕೊಟ್ಟು, ರೇಸ್ ಕಾಲದಲ್ಲಿ ವಾರಕ್ಕೊಮ್ಮೆ ಮಾಡಿಸಿದರು. ಗಳಿಸಿದ ಬಲ ಉಳಿಯಿತು. ಅಂದ್ರೆ ಈಗ ಎರಡು ದಿನ ಕೊಟ್ಟರೆ ನವೆಂಬರ್ ಆದಮೇಲೆ ಒಂದು ದಿನದಲ್ಲಿ ಕಾಯ್ದುಕೊಳ್ಳಬಹುದು.

ಮೆಟ್ಟಿಲಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಕೇಳಿ. ಜುಲೈನ ಒಂದು ಭಾನುವಾರ ಚಿತ್ರದುರ್ಗದ ಕೋಟೆಗೆ ಹೋದೆ. ಹತ್ತುವುದು ಏನೂ ಅನ್ನಿಸಲಿಲ್ಲ, ಸೈಕಲ್ ಕಾಲಲ್ವಾ. ಜಂಬದಲ್ಲಿ ಕೆಳಗಿನವರೆಗೂ ಕುಪ್ಪಳಿಸುತ್ತ ಇಳಿದೆ, ಮತ್ತೆ ಹತ್ತಿ ಮತ್ತೆ ಇಳಿದೆ. ಮಂಗಳವಾರ ಬೆಳಿಗ್ಗೆ ಪಾಯಿಖಾನೆಯಲ್ಲಿ ಕೂರಲಾಗದೆ ಗೋಡೆ ಹಿಡಿದು ನಿಂತೆ. ತೊಡೆ ಮುಟ್ಟಿದರೆ ಜೀವ ಹೋಗುತ್ತಿತ್ತು. ಅಮ್ಮ ಬಿಸಿನೀರು ಕಾಯಿಸಿ ಕೊಟ್ಟು, 'ಸೈಕಲ್ಲಿಗೆ ಇಲ್ಲದ ನೋವು ಮೆಟ್ಟಿಲಿಗೆ ಯಾಕೋ ಬಂತು?' ಅಂತ ಕೇಳಿದರು.

ನಮ್ಮ ಪಾಠದ ಪ್ರಶ್ನೆ ಅದೇ. ಪೆಡಲ್ ಒತ್ತುವಾಗ ತೊಡೆಯ ಖಂಡ ಕುಗ್ಗುತ್ತ ಕೆಲಸ ಮಾಡುತ್ತದೆ. ಮೆಟ್ಟಿಲು ಇಳಿಯುವಾಗ ಮೈಭಾರ ತಡೆಹಿಡಿಯುತ್ತ, ಹಿಗ್ಗುತ್ತ ಕೆಲಸ ಮಾಡುತ್ತದೆ. ಈ ಹಿಗ್ಗುವ ಕೆಲಸ ಸೈಕಲ್‌ನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಭ್ಯಾಸವಿಲ್ಲದ ಖಂಡದ ಎಳೆಗಳು ಜಖಂ ಆಗುತ್ತವೆ, ನೋವು ಒಂದರಿಂದ ಮೂರು ದಿನದೊಳಗೆ ಹೆಚ್ಚಾಗುತ್ತದೆ. ಒಳ್ಳೆಯದೇನಂದ್ರೆ, ಎರಡನೇ ಸಲ ಅಷ್ಟೇ ಇಳಿದರೂ ಅರ್ಧದಷ್ಟೂ ನೋಯಲಿಲ್ಲ. ಖಂಡ ಒಂದೇ ಪೆಟ್ಟಿಗೆ ಪಾಠ ಕಲಿಯುತ್ತದೆ. ನೀವು ಮಾತ್ರ ಮೊದಲ ಸಲ ಒಂದು ಸುತ್ತಿಗೆ ನಿಲ್ಲಿಸಿ. ಮಂಡಿ ಚಿಪ್ಪಿನಲ್ಲಿ ನೋವು ಬಂದರೆ ಅದು ಬೇರೆ ವಿಷಯ, ಡಾಕ್ಟರಿಗೆ ತೋರಿಸಿ.

ಊಟದ ಲೆಕ್ಕ ಚಿಕ್ಕದು. ವಾರಕ್ಕೆ 10 ತಾಸು ತುಳಿಯುವವನು 4 ತಾಸಿಗೆ ಇಳಿದರೆ 6 ತಾಸು ಉಳಿಯಿತು. ತಾಸಿಗೆ 500 ಕ್ಯಾಲೊರಿ ಅಂತ ಹಿಡಿದರೂ ವಾರಕ್ಕೆ 3000. ಹೊಟ್ಟೆಗೆ ಈ ಸುದ್ದಿ ಯಾರೂ ತಲುಪಿಸುವುದಿಲ್ಲ, ಹಸಿವು ಹಳೇ ಲೆಕ್ಕದಲ್ಲೇ ಇರುತ್ತದೆ. ಬೆಣ್ಣೆ ದೋಸೆ ಬಿಡಿ ಅಂತ ದಾವಣಗೆರೆಯಲ್ಲಿದ್ದುಕೊಂಡು ಹೇಳುವ ಧೈರ್ಯ ನನಗಿಲ್ಲ. ದೋಸೆ ಇರಲಿ, ಸಂಜೆಯ ಮಿರ್ಚಿಗೆ ಮಾತ್ರ ಕೈಹಾಕದೆ ಬರೀ ಮಂಡಕ್ಕಿ ತಿನ್ನುತ್ತಿದ್ದೇನೆ. ಮೂರು ದಿನ ನಡೆಯುತ್ತದೆ, ನಾಲ್ಕನೇ ದಿನ ಗೆಳೆಯರು ಸಿಗುತ್ತಾರೆ.

ನನ್ನ ಈಗಿನ ವಾರ ಹೀಗಿದೆ: ಮಂಗಳವಾರ, ಶುಕ್ರವಾರ ಹರಿಹರದ ಗಾಳಿ. ಬುಧವಾರ, ಶನಿವಾರ ಗರಡಿ. ಭಾನುವಾರ ಒಂದು ವಾರ ಉದ್ದ ಸವಾರಿ, ಇನ್ನೊಂದು ವಾರ ಕೋಟೆ. ಸೋಮವಾರ, ಗುರುವಾರ ಏನೂ ಇಲ್ಲ. ಇದಕ್ಕೆ ಮೊದಲು ಜೂನ್‌ನಲ್ಲಿ ಹತ್ತು ದಿನ ಸೈಕಲ್ ಮುಟ್ಟಲೇ ಇಲ್ಲ. ಮೊಣಕೈ, ಕತ್ತಿನ ಹಳೇ ನೋವೆಲ್ಲ ಆಗಲೇ ಹೋಗಿದ್ದು. ಅಷ್ಟು ಬಿಡುವು ಬೇಕು, ಅದಕ್ಕೆ ಹೆದರಬೇಡಿ.

ಕೆಲಸ ಆಗುತ್ತಿದೆಯಾ ಅಂತ ನೋಡಲು ತಿಂಗಳಿಗೊಮ್ಮೆ ಅದೇ ದಾರಿ, ಅದೇ ವೇಗ, ಅದೇ ಹೊತ್ತಿನಲ್ಲಿ ನಾಡಿ ಬರೆದಿಡುತ್ತೇನೆ. ಕಳೆದ ಭಾನುವಾರ ಕೊಂಡಜ್ಜಿ ದಾರಿಯಲ್ಲಿ 26 ಕಿ.ಮೀ. ವೇಗಕ್ಕೆ 153 ಬಂತು. ಗಾಳಿ ಇತ್ತು, ಅದರಿಂದ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಗಾಳಿ ಇಲ್ಲದ ಬೆಳಿಗ್ಗೆ ಸಿಕ್ಕರೆ ಇನ್ನೊಮ್ಮೆ ಅಳೆದು ಪೆನ್ನಿನಲ್ಲಿ ತಿದ್ದುತ್ತೇನೆ.