ಎಲ್ಲಿಂದ, ಎಲ್ಲಿವರೆಗೆ: ಯಂತ್ರ ಉತ್ತರ ಹುಡುಕುವ ಬಗೆ

“ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ ಹರಿಯಿತು.” ಈ ಸಾಲು ಕೊಟ್ಟು, ಗಣಿಗಳಿಗೆ ವಿದ್ಯುತ್ ಎಲ್ಲಿಂದ ಬಂತು ಎಂದು ಕಂಪ್ಯೂಟರನ್ನು ಕೇಳೋಣ. ರಾಶಿ ಪಠ್ಯ ಓದಿ ಭಾಷೆ ಕಲಿತ ಬರ್ಟ್ ತರಹದ ಕಂಪ್ಯೂಟರ್ ಮಾದರಿಗಳು ಉತ್ತರವನ್ನು ತಾವಾಗಿ ಬರೆಯುವುದಿಲ್ಲ. ಪ್ರಶ್ನೆಯನ್ನೂ ಪಠ್ಯವನ್ನೂ ಒಟ್ಟಿಗೆ ಜೋಡಿಸಿ, ಪದಗಳನ್ನು ಚೂರು ಮಾಡಿ, ಪ್ರತಿ ಚೂರಿಗೂ ಎರಡು ಅಂಕ ಹಾಕುತ್ತವೆ: ಉತ್ತರ ಇಲ್ಲಿ ಶುರುವಾಗಬಹುದೇ? ಇಲ್ಲಿ ಮುಗಿಯಬಹುದೇ? ಯಾವ ಜೋಡಿಯ ಮೊತ್ತ ಹೆಚ್ಚೋ ಅದರ ನಡುವಿನದೇ ಉತ್ತರ. (ಕೊನೆಯು ಆರಂಭಕ್ಕಿಂತ ಮೊದಲೇ ಬರುವ ಜೋಡಿಗಳನ್ನು ನಾವೇ ತೆಗೆದುಹಾಕಬೇಕು.) ಬರ್ಟ್ ಒಮ್ಮೆಗೆ ನೋಡುವುದು ಹೆಚ್ಚೆಂದರೆ 512 ಚೂರು. ಉದ್ದದ ಲೇಖನವನ್ನು ಹೆಂಚು ಹೊದಿಸಿದ ಹಾಗೆ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತುಂಡರಿಸಬೇಕು. ಇಲ್ಲದಿದ್ದರೆ ಉತ್ತರವೇ ಎರಡು ತುಂಡಾದೀತು.

ಅಂಕ ಹಾಕಲು ಕಲಿಸುವುದಕ್ಕೆ ಉದಾಹರಣೆಗಳು ರಾಶಿಗಟ್ಟಲೆ ಬೇಕು. 2016ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ವಿಕಿಪೀಡಿಯದ 536 ಲೇಖನಗಳ ಮೇಲೆ ಲಕ್ಷಕ್ಕೂ ಹೆಚ್ಚು ಪ್ರಶ್ನೆಗಳನ್ನು ಕೂಲಿ ಕೊಟ್ಟು ಬರೆಸಿದರು. ಅದೇ ಸ್ಕ್ವಾಡ್. ಅದರಲ್ಲೊಂದು ಹುಳುಕಿತ್ತು: ಪ್ರತಿ ಪ್ರಶ್ನೆಗೂ ಪಠ್ಯದಲ್ಲಿ ಉತ್ತರ ಇದ್ದೇ ಇತ್ತು. ಹಾಗೆ ಕಲಿತ ಯಂತ್ರಕ್ಕೆ “ಇಲ್ಲಿಲ್ಲ” ಎನ್ನಲು ಬರುವುದಿಲ್ಲ. ಮೇಲಿನ ಸಾಲನ್ನೇ ಕೊಟ್ಟು, ಮೈಸೂರು ಅರಮನೆಗೆ ವಿದ್ಯುತ್ ಯಾವ ವರ್ಷ ಬಂತು ಎಂದರೆ, ಕೇಳಿದ್ದು ವರ್ಷ, ಇರುವುದೂ ಒಂದೇ ವರ್ಷ ಎಂದು 1902 ಅನ್ನು ಎತ್ತಿ ಕೊಡುತ್ತದೆ. 2018ರ ಎರಡನೇ ಆವೃತ್ತಿಗೆ ಉತ್ತರವಿಲ್ಲದ 50 ಸಾವಿರಕ್ಕೂ ಹೆಚ್ಚು ಪ್ರಶ್ನೆ ಸೇರಿಸಿದ್ದು ಇದಕ್ಕೇ. ಆಗ ಯಂತ್ರವು ಚೂರುಗಳ ಸಾಲಿನ ತಲೆಗೆ ಹಚ್ಚಿದ ವಿಶೇಷ ಗುರುತನ್ನೇ ಆರಿಸಿದರೆ “ಉತ್ತರವಿಲ್ಲ” ಎಂದರ್ಥ.

ಕನ್ನಡಕ್ಕೆ ಬಂದರೆ ತೊಡಕು ಬೇರೆ. ಯಂತ್ರದ ಉತ್ತರ “ಶಿವನಸಮುದ್ರದಿಂದ”, ನಾವು ಬರೆದಿಟ್ಟ ಸರಿಯುತ್ತರ “ಶಿವನಸಮುದ್ರ” ಎಂದುಕೊಳ್ಳಿ. ಪದಕ್ಕೆ ಪದ ಹೋಲಿಸುವ ಸ್ಕ್ವಾಡ್ ಮೌಲ್ಯಮಾಪನದಲ್ಲಿ ಇದಕ್ಕೆ ಸೊನ್ನೆ! ಇಂಗ್ಲಿಷಿನಲ್ಲಿ ಪಂಚಮಿಯ ಕೆಲಸ ಮಾಡುವ ಪದ ಬಿಡಿಯಾಗಿರುವುದರಿಂದ ಅಲ್ಲಿ ಈ ರಗಳೆ ಕಡಿಮೆ. ವಿಭಕ್ತಿ ಪ್ರತ್ಯಯ ಇರಬೇಕೋ ಬೇಡವೋ ಎಂದು ಪ್ರಶ್ನೆ ಬರೆಯುವವರಿಗೆ ಮೊದಲೇ ಹೇಳಿಬಿಡಬೇಕು. ಅಂಕವನ್ನು ಅಕ್ಷರಗಳ ಮಟ್ಟದಲ್ಲೂ ಲೆಕ್ಕ ಹಾಕುವುದು ಲೇಸು.

ತರಬೇತಿಗೆ ಮುಂಚೆ ಒಂದು ಸಾಲನ್ನು ಚೂರು ಮಾಡಿಸಿ ಕಣ್ಣಾರೆ ನೋಡಿ. ಬಹುಭಾಷಾ ಬರ್ಟ್‌ನ ‘ಅನ್‌ಕೇಸ್ಡ್’ (ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಮಾಡದ) ಆವೃತ್ತಿ ಯುರೋಪಿನ ಭಾಷೆಗಳಲ್ಲಿ ಅಕ್ಷರಗಳಿಗೆ ಹಚ್ಚುವ é ತರಹದ ಚಿಹ್ನೆಗಳನ್ನು ಅಳಿಸುವ ಭರದಲ್ಲಿ ನಮ್ಮ ಕೆಲವು ಗುಣಿತಾಕ್ಷರಗಳ ಗುಡಿಸನ್ನೂ ಒತ್ತಕ್ಷರ ಕೂಡಿಸುವ ವಿರಾಮವನ್ನೂ ಕಿತ್ತುಹಾಕುತ್ತದೆ. ಅದರ ಬಾಯಿಗೆ ಸಿಕ್ಕಿದ ಶಿವನಸಮುದ್ರ “ಶವನಸಮುದರ” ಆಗಿ ಹೊರಬರುತ್ತದೆ.