ವಾರ್ಡಿನಲ್ಲಿ ನೊರೊವೈರಸ್: ಲ್ಯಾಬ್ ರಿಪೋರ್ಟಿಗೆ ಕಾಯಬೇಡಿ

ವಾಂತಿ, ಬೇಧಿ ತರುವ ನೊರೊವೈರಸ್ ಅಂದ ಕೂಡಲೇ ನಾವು ವೈದ್ಯಕೀಯ ಪುಸ್ತಕದಲ್ಲಿ ಪಿಸಿಆರ್ (ವೈರಸ್ಸಿನ ಜೀನ್ ಹುಡುಕುವ ಲ್ಯಾಬ್ ಪರೀಕ್ಷೆ) ಪುಟ ತೆರೆಯುತ್ತೇವೆ. ಆದರೆ ವಾರ್ಡಿನಲ್ಲಿ ಅದನ್ನು ಮೊದಲು ಹಿಡಿಯುವವರು ರಾತ್ರಿ ಪಾಳಿಯ ಸಿಸ್ಟರ್‌ಗಳು. ಸೋಂಕು ತಗುಲಿದ 12ರಿಂದ 48 ಗಂಟೆಯೊಳಗೆ ವಾಂತಿ, ಬೇಧಿ ಶುರುವಾಗುತ್ತದೆ. ಅಂಟಿಕೊಳ್ಳಲು ಕೆಲವೇ ವೈರಸ್ ಕಣಗಳು ಸಾಕು. ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ಇನ್ನೊಂದು ಸುತ್ತು ಹರಡಿಬಿಟ್ಟಿರುತ್ತದೆ. ಹಾಗಾಗಿ ನಿಗಾ ಅಂದರೆ ಇಲ್ಲಿ ಮುಖ್ಯವಾಗಿ ಲಕ್ಷಣಗಳ ಲೆಕ್ಕ.

ಲೆಕ್ಕ ಹಾಕಲು ಯಾರನ್ನು ಕೇಸ್ ಅನ್ನಬೇಕು ಅಂತ ಮೊದಲೇ ತೀರ್ಮಾನವಾಗಿರಬೇಕು. ಬೇರೆ ಕಾರಣವಿಲ್ಲದೆ ವಾಂತಿ, ಅಥವಾ 24 ಗಂಟೆಯಲ್ಲಿ ಮೂರು ಸಲವಾದರೂ ನೀರು ಬೇಧಿ ಎಂದು ಇಟ್ಟುಕೊಳ್ಳಬಹುದು. ‘ಬೇರೆ ಕಾರಣವಿಲ್ಲದೆ’ ಅನ್ನುವ ಮಾತೇ ಆಸ್ಪತ್ರೆಯಲ್ಲಿ ಕಷ್ಟದ್ದು.

ಒಂದು ವಾರ್ಡ್ ಕಲ್ಪಿಸಿಕೊಳ್ಳಿ. ಭಾನುವಾರ ರಾತ್ರಿ 4ನೇ ಬೆಡ್‌ನವರಿಗೆ ವಾಂತಿ. ಸೋಮವಾರ ರಾತ್ರಿ 5 ಮತ್ತು 6ನೇ ಬೆಡ್. ಮಂಗಳವಾರ ಬೆಳಿಗ್ಗೆ 9ನೇ ಬೆಡ್‌ನವರಿಗೆ ಬೇಧಿ. ಅದೇ ದಿನ ಆಯಾ ಒಬ್ಬರು ಹೊಟ್ಟೆ ಸರಿಯಿಲ್ಲ ಅಂತ ರಜೆ ಹಾಕುತ್ತಾರೆ. 9ನೆಯವರ ಚಾರ್ಟ್ ತಿರುವಿದರೆ ಹಿಂದಿನ ದಿನ ಮಲಬದ್ಧತೆಗೆ ಲ್ಯಾಕ್ಟುಲೋಸ್ ಕೊಟ್ಟಿದ್ದಾರೆ, ಬೇಧಿ ಆ ಔಷಧಿಯಿಂದಲೂ ಆಗಿರಬಹುದು. ಸದ್ಯಕ್ಕೆ ಅವರನ್ನು ‘ಅನುಮಾನ’ ಎಂದು ಬರೆದಿಡಬೇಕು. ಆದರೆ ಭಾನುವಾರದ ವಾಂತಿ ಒರೆಸಿದ್ದು ಆ ಆಯಾನೇ! ಪಟ್ಟಿಯಲ್ಲಿ ರೋಗಿಗಳ ಹೆಸರು ಮಾತ್ರ ಇದ್ದರೆ ಆ ಕೊಂಡಿ ಕಾಣುವುದೇ ಇಲ್ಲ. ಸಿಬ್ಬಂದಿಯ ರಜೆ ಪುಸ್ತಕವೂ ನಿಗಾದ ದಾಖಲೆಯೇ, ಇದನ್ನು ಗಟ್ಟಿಯಾಗಿ ನೆನಪಿಡಿ.

ಈ ಪಟ್ಟಿಗೆ ಲೈನ್ ಲಿಸ್ಟ್ ಅನ್ನುತ್ತಾರೆ. ಬೆಡ್ ನಂಬರ್, ಲಕ್ಷಣ ಶುರುವಾದ ಗಂಟೆ, ನಿಂತ ಗಂಟೆ, ಯಾವ ವಾರ್ಡಿನಿಂದ ಬಂದರು, ಸ್ಯಾಂಪಲ್ ಕಳಿಸಿದ್ದೇವಾ, ಇಷ್ಟು ಇದ್ದರೆ ಸಾಕು. ಸುಮ್ನೆ ದಿನಾಂಕ ಬರೆದರೆ ಪ್ರಯೋಜನ ಕಮ್ಮಿ, ಗಂಟೆ ಬೇಕು. ಒಂದೇ ಹೊತ್ತಿಗೆ ಎಲ್ಲರೂ ಕಾಯಿಲೆ ಬಿದ್ದರೆ ಊಟದ ಮೇಲೆ ಅನುಮಾನ. ಒಂದೊಂದು ದಿನ ಬಿಟ್ಟು ಅಲೆಅಲೆಯಾಗಿ ಬಂದರೆ ಒಬ್ಬರಿಂದ ಒಬ್ಬರಿಗೆ ಹೋಗುತ್ತಿದೆ ಅಂತ ಅರ್ಥ. ಸಮಯದಲ್ಲೂ ಜಾಗದಲ್ಲೂ ನಂಟಿರುವ ಎರಡು ಕೇಸ್ ಸಿಕ್ಕರೆ ಔಟ್‌ಬ್ರೇಕ್ (ಸೋಂಕಿನ ಹರಡುವಿಕೆ) ಎಂದೇ ಹಿಡಿದು ಕೆಲಸ ಶುರುಮಾಡುತ್ತಾರೆ.

ಆ ಔಟ್‌ಬ್ರೇಕ್ ನೊರೊದ್ದೇ ಎಂದು ಊಹಿಸಲು 1982ರ ಕಪ್ಲಾನ್ ಮಾನದಂಡ ಇದೆ, ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲೂ ಕೇಳುತ್ತಾರೆ: ಅರ್ಧಕ್ಕಿಂತ ಜಾಸ್ತಿ ಜನರಿಗೆ ವಾಂತಿ, ಸೋಂಕು ತಗುಲಿ ಸರಾಸರಿ 24ರಿಂದ 48 ಗಂಟೆಗೆ ಲಕ್ಷಣ, 12ರಿಂದ 60 ಗಂಟೆ ಕಾಯಿಲೆ, ಮಲದಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಇಲ್ಲ. ನಾಲ್ಕೂ ಹೊಂದಿದರೆ ನೊರೊ ಅಂತ ಸಾಕಷ್ಟು ಧೈರ್ಯವಾಗಿ ಹೇಳಬಹುದು. ಹೊಂದದಿದ್ದರೆ ನೊರೊ ಅಲ್ಲ ಅನ್ನಲಾಗದು. ವಾರ್ಡಿನಲ್ಲಿ ಸೋಂಕು ತಗುಲಿದ ಗಳಿಗೆಯೇ ಎಷ್ಟೋ ಸಲ ಗೊತ್ತಿರುವುದಿಲ್ಲ, ಅಲ್ವಾ?

ಹಾಗಂತ ಲ್ಯಾಬ್ ಬೇಡ ಅಂತಲ್ಲ. ಕೆಲವರ ಮಲದ ಸ್ಯಾಂಪಲ್ ಕಳಿಸಿ, ಎರಡು ಪಾಸಿಟಿವ್ ಬಂದರೆ ಖಚಿತವಾಯಿತು. ಆಮೇಲೆ ಪ್ರತಿಯೊಬ್ಬರನ್ನೂ ಪರೀಕ್ಷಿಸಬೇಕಿಲ್ಲ. ವಾಸಿಯಾದ ಮೇಲೆ ಮತ್ತೆ ಪರೀಕ್ಷೆ ಮಾಡುವುದಂತೂ ವ್ಯರ್ಥ. ಹುಷಾರಾಗಿ ವಾರಗಳು ಕಳೆದರೂ ಪಿಸಿಆರ್ ಪಾಸಿಟಿವ್ ಬರಬಹುದು. ಅದಕ್ಕೇ ರೋಗಿಯನ್ನು ಪ್ರತ್ಯೇಕವಾಗಿ ಇಡಲು ವಾಂತಿ, ಬೇಧಿ ನಿಂತು 48 ಗಂಟೆ ಎಂಬ ಗಡಿಯಾರದ ಲೆಕ್ಕ. ಸಿಬ್ಬಂದಿ ಕೆಲಸಕ್ಕೆ ಮರಳಲೂ ಅದೇ ಲೆಕ್ಕ. ಈ ನಡುವೆ ಸ್ಯಾನಿಟೈಸರ್ ನೆಚ್ಚಿಕೊಳ್ಳುವಂತಿಲ್ಲ. ಕೈಗೆ ಸೋಪು ನೀರು, ನೆಲಕ್ಕೆ ಕ್ಲೋರಿನ್ ದ್ರಾವಣ.

ದೇಶದ ಮಟ್ಟದ ಅಂಕಿ ಓದುವಾಗ ಎಚ್ಚರ ಬೇಕು. ಇಂಗ್ಲೆಂಡಿನಲ್ಲಿ 2009ರಿಂದ ಆಸ್ಪತ್ರೆಗಳು ನೊರೊ ಔಟ್‌ಬ್ರೇಕ್‌ಗಳನ್ನೂ ಮುಚ್ಚಿದ ವಾರ್ಡ್‌ಗಳನ್ನೂ ವರದಿ ಮಾಡುವ ವ್ಯವಸ್ಥೆ ಇದೆ. ಆದರೆ ವರದಿ ಸ್ವಯಂಪ್ರೇರಿತ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದೇ ವರ್ಷ ಶುರುಮಾಡಿದ ಲ್ಯಾಬ್‌ಗಳ ಜಾಲ ಕ್ಯಾಲಿಸಿನೆಟ್ ವೈರಸ್ಸಿನ ತಳಿಗಳ ಜಾಡು ಹಿಡಿಯುತ್ತದೆ. 2012ರ ಸಿಡ್ನಿ ತಳಿಯಂತಹ ಹೊಸದು ಬಂದಾಗ ಇದು ಬಹಳ ಉಪಯೋಗ. ಒಂದು ಆಸ್ಪತ್ರೆಯಿಂದ ವರದಿ ಜಾಸ್ತಿ ಬಂದರೆ ಅಲ್ಲಿ ಸೋಂಕು ಜಾಸ್ತಿ ಇರಬಹುದು. ಇಲ್ಲವೇ ಅಲ್ಲಿನವರು ಚೆನ್ನಾಗಿ ಎಣಿಸುತ್ತಿರಬಹುದು. ಬರೀ ಅಂಕಿ ನೋಡಿ ಯಾವುದು ಅಂತ ಹೇಳಲಾಗದು.