ಕಿಡ್ನಿಗೆ ರಕ್ತ ಕಡಿಮೆಯಾದಾಗ ಅರಿಶಿಣ, ಉಳ್ಳಾಗಡ್ಡಿ ಏನು ಮಾಡಬಲ್ಲವು?

ಹುಬ್ಬಳ್ಳಿ-ಧಾರವಾಡದಲ್ಲಿ ಫಾರ್ಮಸಿ, ಬಯೋಕೆಮಿಸ್ಟ್ರಿ ಓದುತ್ತಾ ಸೆಮಿನಾರ್‌ಗೆ ಈ ವಿಷಯ ಆರಿಸಿಕೊಂಡವರಿಗಾಗಿ ಈ ಟಿಪ್ಪಣಿ. ಇಲಿಗಳ ಮೇಲಿನ ಪೇಪರ್‌ಗಳು ರಾಶಿ ಸಿಗುತ್ತವೆ. ಹೆಚ್ಚಿನವುಗಳಲ್ಲಿ ಗಿಡದ ಅಂಶ ಕೆಲಸ ಮಾಡಿರುತ್ತದೆ. ಓದುವಾಗ ಒಂದೇ ಪ್ರಶ್ನೆ ಬಿಡದೆ ಕೇಳ್ತಾ ಹೋಗಿ: ಔಷಧ ಕೊಟ್ಟದ್ದು ಯಾವಾಗ?

ಮೊದಲು ಕಿಡ್ನಿಯ ಕಥೆ. ಎರಡೂ ಸೇರಿ ದೇಹದ ತೂಕದ ಅರ್ಧ ಪರ್ಸೆಂಟ್ ಆಸುಪಾಸು. ಆದರೂ ಹೃದಯ ಪಂಪ್ ಮಾಡುವ ರಕ್ತದಲ್ಲಿ 20-25% ಅವಕ್ಕೇ ಹೋಗುತ್ತದೆ. ಹಾಗಿದ್ದರೆ ಕೊರತೆ ಎಲ್ಲಿಂದ ಬಂತು? ಹಂಚಿಕೆ ಸರಿಸಮ ಇಲ್ಲ, ಅದಕ್ಕೆ. ಬಹುಪಾಲು ರಕ್ತ ಹೊರಭಾಗದ ಕಾರ್ಟೆಕ್ಸ್‌ನಲ್ಲೇ ಓಡಾಡುತ್ತದೆ. ಅಲ್ಲಿ ಆಕ್ಸಿಜನ್ ಒತ್ತಡ ಸುಮಾರು 50 ಎಂಎಂ ಪಾದರಸ. ಒಳಗಿನ ಮೆಡುಲ್ಲಾದಲ್ಲಿ ಬರೀ 10-20. ಸೋಸಿದ ದ್ರವ ಸಾಗುವ ಸಣ್ಣ ಕೊಳವೆಯ ಮೊದಲ ಭಾಗ ಪ್ರಾಕ್ಸಿಮಲ್ ಟ್ಯೂಬುಲ್. ಅದರ ಕೊನೆಯ ತುಂಡು, ಅಂದರೆ ಎಸ್-3 ಭಾಗ, ಈ ಬಡ ಜಾಗದಲ್ಲೇ ಇದ್ದುಕೊಂಡು ಸೋಡಿಯಂ ಎಳೆಯುವ ಭಾರೀ ಕೆಲಸ ಮಾಡಬೇಕು. ಮಲಪ್ರಭಾ ಕಾಲುವೆಯ ಕೊನೆಯಂಚಿನಲ್ಲಿ ಹೊಲ ಇರುವ ರೈತನ ಪಾಡೇ ಇದರದ್ದು. ನೀರು ತುಸು ಕಡಿಮೆ ಬಿಟ್ಟರೂ ಮೊದಲು ಒಣಗೋದು ಅವನ ಬೆಳೆ.

ರಕ್ತ ಕಡಿಮೆಯಾಗಲು ದೊಡ್ಡ ಆಪರೇಷನ್ನೇ ಬೇಕು ಅಂತಿಲ್ಲ. ವಾಂತಿಭೇದಿ ಸಾಕು. ಬಿಸಿಲಲ್ಲಿ ನೀರು ಕುಡಿಯದೆ ಇಡೀ ದಿನ ಮೆಣಸಿನಕಾಯಿ ಬಿಡಿಸಿ, ಸಂಜೆ ಮೈಕೈ ನೋವಿಗೆ ಡೈಕ್ಲೋಫೆನಾಕ್ ಗುಳಿಗೆ ನುಂಗಿದರೂ ಆಗಬಹುದು. ದೇಹದಲ್ಲಿ ನೀರು ಇಳಿದಾಗ ಕಿಡ್ನಿಯ ರಕ್ತನಾಳವನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಆ ಗುಳಿಗೆ ತಡೆಯುವುದು ಅದನ್ನೇ.

ಈಗ ಜೀವಕೋಶದ ಒಳಗೆ ಹೋಗೋಣ. ರಕ್ತ ನಿಂತರೆ ಕೋಶದ ಇಂಧನವಾದ ಎಟಿಪಿ ಖಾಲಿ. ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಲ್ಲುತ್ತದೆ, ಕೋಶ ಊದಿಕೊಳ್ಳುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಒಡೆದ ಎಟಿಪಿ ಕೊನೆಗೆ ಹೈಪೋಕ್ಸಾಂಥಿನ್ ಆಗಿ ಕೂಡಿಬೀಳುತ್ತದೆ. ಮೈಟೋಕಾಂಡ್ರಿಯಾದಲ್ಲಿ ಸಕ್ಸಿನೇಟ್ ಕೂಡ ಶೇಖರವಾಗುತ್ತದೆ, ಇದು 2014ರಲ್ಲಿ ಸ್ಪಷ್ಟವಾದ ಸಂಗತಿ. ಆಮೇಲೆ ರಕ್ತ ವಾಪಸ್ ಬರುತ್ತದೆ, ಜೊತೆಗೆ ಆಕ್ಸಿಜನ್ನೂ. ಕ್ಸಾಂಥಿನ್ ಆಕ್ಸಿಡೇಸ್ ಎಂಬ ಕಿಣ್ವ ಆ ಹೈಪೋಕ್ಸಾಂಥಿನ್ ಮೇಲೆ ಬೀಳುತ್ತದೆ, ಸಕ್ಸಿನೇಟ್ ಕೂಡಲೇ ಉರಿಯುತ್ತದೆ, ಎರಡೂ ಕಡೆಯಿಂದ ಸೂಪರ್‌ಆಕ್ಸೈಡ್ ಎಂಬ ಫ್ರೀ ರಾಡಿಕಲ್, ಅಂದರೆ ಸಿಕ್ಕಿದ್ದನ್ನು ಕೆಡಿಸುವ ಚುರುಕು ಅಣು, ಹೊರಬೀಳುತ್ತದೆ. ಇದೆಲ್ಲ ಮೊದಲ ಕೆಲವು ನಿಮಿಷಗಳ ಮಾತು. ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಪ್ರೋಟೀನ್ ಎಚ್ಚೆತ್ತು ಉರಿಯೂತ ಬೆಳೆಯುವುದು, ಬಿಳಿ ರಕ್ತಕಣಗಳು ಬಂದು ಸೇರುವುದು ನಂತರದ ಗಂಟೆಗಳಲ್ಲಿ.

ಸಸ್ಯದ ಅಂಶಗಳು ಎಲ್ಲಿ ಕೈ ಹಾಕುತ್ತವೆ? ಅರಿಶಿಣದ ಕರ್ಕ್ಯುಮಿನ್, ಉಳ್ಳಾಗಡ್ಡಿಯ ಕ್ವೆರ್ಸೆಟಿನ್, ಶೇಂಗಾ ಸಿಪ್ಪೆಯಲ್ಲಿ ಚೂರುಪಾರು ಸಿಗುವ ರೆಸ್ವೆರಾಟ್ರಾಲ್, ಎಲ್ಲವೂ ಫ್ರೀ ರಾಡಿಕಲ್ ನುಂಗುತ್ತವೆ ಅಂತ ಪಾಠದಲ್ಲಿರುತ್ತದೆ. ಅದು ಸಣ್ಣ ಪಾಲು. ದೊಡ್ಡ ಪಾಲು ಎನ್‌ಆರ್‌ಎಫ್-2 ಎಂಬ ಪ್ರೋಟೀನ್‌ನದ್ದು. ಮಾಮೂಲಿ ದಿನಗಳಲ್ಲಿ ಕೀಪ್-1 ಎಂಬ ಇನ್ನೊಂದು ಪ್ರೋಟೀನ್ ಇದನ್ನು ಹಿಡಿದುಕೊಂಡು ನಾಶಕ್ಕೆ ಕಳಿಸುತ್ತಿರುತ್ತದೆ. ಕರ್ಕ್ಯುಮಿನ್ ಕೀಪ್-1ರ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡರೆ ಹಿಡಿತ ಸಡಿಲ. ಎನ್‌ಆರ್‌ಎಫ್-2 ನ್ಯೂಕ್ಲಿಯಸ್‌ಗೆ ಹೋಗಿ ಹೀಮ್ ಆಕ್ಸಿಜಿನೇಸ್-1, ಗ್ಲುಟಾಥಯೋನ್ ತಯಾರಿಸುವ ಕಿಣ್ವಗಳು ಇತ್ಯಾದಿ ಕೋಶ ಕಾಯುವ ಪ್ರೋಟೀನ್‌ಗಳ ಜೀನ್ ಚಾಲೂ ಮಾಡುತ್ತದೆ. ಕ್ವೆರ್ಸೆಟಿನ್‌ಗೆ ಇನ್ನೊಂದು ಗುಣ ಇದೆ, ಕ್ಸಾಂಥಿನ್ ಆಕ್ಸಿಡೇಸನ್ನೇ ತಡೆಯುತ್ತದೆ.

ಗಮನಿಸಿದ್ರಾ? ಜೀನ್ ಚಾಲೂ ಆಗಿ ಪ್ರೋಟೀನ್ ತಯಾರಾಗಲು ಗಂಟೆಗಳು ಬೇಕು. ಆಕ್ಸಿಜನ್ ವಾಪಸ್ ಬಂದ ಹೊಡೆತ ನಿಮಿಷಗಳದ್ದು. ಅದಕ್ಕೇ ಇಲಿ ಪ್ರಯೋಗಗಳಲ್ಲಿ ಔಷಧ ಸಾಮಾನ್ಯವಾಗಿ ಮೊದಲೇ ಹೋಗಿರುತ್ತದೆ. ಆಮೇಲೆ ಕಿಡ್ನಿಯ ರಕ್ತನಾಳಕ್ಕೆ 30-45 ನಿಮಿಷ ಕ್ಲ್ಯಾಂಪ್ (ರಕ್ತ ನಿಲ್ಲಿಸುವ ಚಿಮುಟ), ಬಿಡುಗಡೆ, 24 ಗಂಟೆ ಬಿಟ್ಟು ರಕ್ತದಲ್ಲಿ ಕ್ರಿಯಾಟಿನಿನ್ ಅಳತೆ, ಕಿಡ್ನಿ ಕೆಟ್ಟರೆ ಏರುವುದು ಅದೇ. ವಾರ್ಡಿಗೆ ಬರುವ ರೋಗಿಗೆ ಈ ಅವಕಾಶ ಎಲ್ಲಿದೆ? ಬಿಸಿಲಲ್ಲಿ ಬಿದ್ದವರು ಬರೋದೇ ಎಲ್ಲ ಆದ ಮೇಲೆ.

ಮೊದಲೇ ಗೊತ್ತಿರುವ ಹೊಡೆತ ಅಂದರೆ ಆಪರೇಷನ್. ಕೆನಡಾದ 10 ಆಸ್ಪತ್ರೆಗಳಲ್ಲಿ ಹೊಟ್ಟೆಯ ಮಹಾಪಧಮನಿ ಉಬ್ಬಿದ್ದ 606 ಜನರಿಗೆ ಇದನ್ನೇ ಪರೀಕ್ಷೆ ಮಾಡಿದರು, ಫಲಿತಾಂಶ 2018ರಲ್ಲಿ ಬಂತು. ಆಪರೇಷನ್ ಆಸುಪಾಸಿನ 4 ದಿನಗಳಲ್ಲಿ ಸಲಕ್ಕೆ 2000 ಮಿಲಿಗ್ರಾಂನಂತೆ ಕರ್ಕ್ಯುಮಿನ್ 8 ಸಲ. ಉರಿಯೂತದ ಗುರುತುಗಳು ಇಳಿಯಲಿಲ್ಲ. ಕಿಡ್ನಿಗೆ ಪೆಟ್ಟು ಬಿದ್ದವರು ಕರ್ಕ್ಯುಮಿನ್ ಗುಂಪಿನಲ್ಲಿ 17%, ಸುಮ್ನೆ ಹುಸಿ ಗುಳಿಗೆ ತಗೊಂಡವರಲ್ಲಿ 10%. ಸೆಮಿನಾರ್‌ನಲ್ಲಿ ಈ ಸ್ಲೈಡ್ ಬಿಟ್ಟರೆ ಅರ್ಧ ಸತ್ಯ ಹೇಳಿದ ಹಾಗೆ.

ಹೊಟ್ಟೆಗೆ ಹೋದದ್ದು ರಕ್ತಕ್ಕೆ ಸೇರದಿರುವುದು ಇನ್ನೊಂದು ತೊಡಕು. ಒಂದು ಲೋಟ ತಣ್ಣೀರಿಗೆ ಅರಿಶಿಣ ಹಾಕಿ ಕಲಕಿ, ಸ್ವಲ್ಪ ಹೊತ್ತು ಬಿಡಿ, ತಳದಲ್ಲಿ ಹಳದಿ ಗಸಿ ಕೂರುತ್ತದೆ. ಕರ್ಕ್ಯುಮಿನ್ ನೀರಿಗೆ ಕರಗೋದಿಲ್ಲ, ಎಣ್ಣೆ ಬೇಕು. ರಕ್ತಕ್ಕೆ ಸೇರಿದ ಚೂರನ್ನೂ ಕರುಳು, ಲಿವರ್ ಬೇಗ ಬದಲಿಸಿಬಿಡುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ತೋರಿಸಿದ್ದು ಇದರ ಮೇಲೇ: 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ಮನುಷ್ಯರ ರಕ್ತಕ್ಕೆ ಸೇರುವ ಪ್ರಮಾಣ 2000% ಏರಿತು. ಸಂಖ್ಯೆ ದೊಡ್ಡದು ನಿಜ, ಆದರೆ ಏರಿದ್ದು ಹೆಚ್ಚುಕಡಿಮೆ ಸೊನ್ನೆಯಿಂದ. ಕ್ವೆರ್ಸೆಟಿನ್ ಜಾಸ್ತಿ ಇರುವುದು ಕೆಂಪು ಉಳ್ಳಾಗಡ್ಡಿಯ ಹೊರಪದರದಲ್ಲಿ, ನಾವು ಸುಲಿದು ಎಸೆಯುವ ಭಾಗದಲ್ಲಿ. ತಿಂದರೂ ರಕ್ತದಲ್ಲಿ ಮೂಲ ರೂಪದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಪ್ಲೇಟಿನಲ್ಲಿ ಬೆಳೆಸಿದ ಎಚ್‌ಕೆ-2 ಎಂಬ ಮನುಷ್ಯ ಕಿಡ್ನಿ ಕೋಶಗಳ ಮೇಲೆ ಶುದ್ಧ ಕ್ವೆರ್ಸೆಟಿನ್ ಸುರಿದ ಗ್ರಾಫನ್ನು ಊಟದ ತಟ್ಟೆಗೆ ಎಳೆಯಬೇಡಿ.

ಗದಗದ ಕಪ್ಪತಗುಡ್ಡದ ಗಿಡಗಳ ಮೇಲೆ ಪ್ರಾಜೆಕ್ಟ್ ಮಾಡುವವರಿಗೆ ಇನ್ನೊಂದು ಮಾತು. 1993ರಲ್ಲಿ ಬೆಲ್ಜಿಯಂ ವೈದ್ಯರು, ತೂಕ ಇಳಿಸಲು ಗಿಡಮೂಲಿಕೆ ಗುಳಿಗೆ ತಗೊಂಡ ಹೆಂಗಸರ ಕಿಡ್ನಿ ಗಟ್ಟಿಯಾಗಿ ಹಾಳಾದದ್ದನ್ನು ವರದಿ ಮಾಡಿದರು. ಕಾರಣ ಅರಿಸ್ಟೊಲೋಕಿಯಾ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ. ನಮ್ಮ ಈಶ್ವರಿ ಬಳ್ಳಿಯೂ ಅದೇ ಅರಿಸ್ಟೊಲೋಕಿಯಾ ಕುಲದ್ದು, ಆ ಆಮ್ಲ ಹಾಳುಮಾಡುವುದೂ ಪ್ರಾಕ್ಸಿಮಲ್ ಟ್ಯೂಬುಲನ್ನೇ. ಹಾಗಾಗಿ ಕ್ಲ್ಯಾಂಪ್ ಹಾಕದ, ಬರೀ ಗಿಡದ ಸಾರ ಕೊಟ್ಟ ಇಲಿಗಳ ಗುಂಪೊಂದು ನಿಮ್ಮ ಯೋಜನೆಯಲ್ಲಿ ಇರಲೇಬೇಕು. ಗೈಡ್ ಖರ್ಚು ಜಾಸ್ತಿ ಅಂದರೂ ಬಿಡಬೇಡಿ.